ಬೈಗುಳದ ಹದಕ್ಕೆ ಬಂದ ಕೆಂಪು ಚಹಾ

ಜಗತ್ತಿನಲ್ಲಿ ಯಾವ ಸಾಮಾನು ಕೊಳ್ಳುವಾಗಲೂ ಜನ ಅದರೊಳಗೆ ಏನಿದೆ ಎಂದು ಕೇಳಿ ದುಡ್ಡು ಕೊಡುತ್ತಾರೆ. ಕೆಂಪು ಚಹಾ ಒಂದಕ್ಕೆ ಮಾತ್ರ ಒಳಗೆ ಏನಿಲ್ಲ ಎಂದು ಕೇಳಿ ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲವೆಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಓದುತ್ತಿದ್ದಂತೆಯೇ ಅರ್ಧ ಗಿರಾಕಿಗಳಿಗೆ ಆಕಳಿಕೆ ಬರುತ್ತದೆ. ಉಳಿದರ್ಧ ಮನೆಗೆ ಹೋಗಿ ಕುಡಿದು ಮಲಗುತ್ತಾರೆ. ಹಸುಗೂಸಿನ ಹೊಟ್ಟೆನೋವಿಗೆ ಅದೇ, ನಿದ್ದೆ ಬಾರದ ಮುದುಕರಿಗೆ ಅದೇ, ಹರೆಯದ ಹುಡುಗಿಯರ ಮುಖದ ಗುಳ್ಳೆಗೂ ಅದೇ. ಮಾಸಿದ ಬಿಳಿ ಶರಟನ್ನು ಅದರಲ್ಲಿ ಅದ್ದಿ ತೆಗೆದರೆ ಹೊಸ ಬಣ್ಣದ ಶರಟು. ಎದ್ದು ಹೋಗದ ನೆಂಟರಿಗೆ ಒಂದರ ಮೇಲೊಂದು ಲೋಟ ಕೊಟ್ಟರೆ ಅವರು ಕೂತಲ್ಲೇ ತೂಕಡಿಸಿ, ಕೊನೆಗೆ ತಮ್ಮ ಮರ್ಯಾದೆಗೆ ಅಂಜಿ ತಾವೇ ಎದ್ದು ಹೋಗುತ್ತಾರೆ.

ಇಷ್ಟೆಲ್ಲ ಮಹಿಮೆಯ ಚಹಾ ಮೂಲದಲ್ಲಿ ಒಂದು ಪೊರಕೆ. ಮರಳುಗುಡ್ಡದಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದ ಪೊದೆ. ಎಲೆ ಎಂದು ಕರೆದರೂ ಅದು ಸೂಜಿ. ಹಿಂದಿನ ಕಾಲದ ಗುಡ್ಡದ ಜನ ಅದನ್ನು ಕೊಡಲಿಯಿಂದ ಕೊಚ್ಚಿ, ಸುತ್ತಿಗೆಯಿಂದ ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕುತ್ತಿದ್ದರು. ರಾಶಿ ಒಳಗೊಳಗೇ ಬಿಸಿಯಾಗಿ, ಬೆವರಿ, ಹಸಿರು ಹೋಗಿ ಕೆಂಪಾದ ಮೇಲೆ ಬಿಸಿಲಿಗೆ ಹರವುತ್ತಿದ್ದರು. ಈಗ ಕೊಡಲಿಯ ಜಾಗಕ್ಕೆ ಕತ್ತರಿಸುವ ಯಂತ್ರ ಬಂದಿದೆ, ಸುತ್ತಿಗೆಯ ಜಾಗಕ್ಕೆ ಕಬ್ಬಿಣದ ಉರುಳೆ ಬಂದಿದೆ. ಬೆವರುವ ಕೆಲಸಕ್ಕೆ ಮಾತ್ರ ಇನ್ನೂ ಯಂತ್ರ ಬಂದಿಲ್ಲ. ಅದನ್ನು ರಾಶಿಯೂ ಆಳುಗಳೂ ಹಂಚಿಕೊಂಡಿದ್ದಾರೆ.

ಆ ರಾಶಿಯ ಹದ ಹೇಳುವವನೇ ಮೂಗುಮಾವ. ಮೊದಲು ರಾಶಿಗೆ ಹಸಿ ಸೊಪ್ಪಿನ ವಾಸನೆ. ಆಮೇಲೆ ಜೇನಿನ ವಾಸನೆ. ಆ ಜೇನು ಮೂಗಿಗೆ ಬಡಿದ ಕ್ಷಣ "ಹರವ್ರೋ" ಎಂದು ಕೂಗಬೇಕು. ತಡಮಾಡಿದರೆ ಹುಳಿ. ಹುಳಿಯಾದ ರಾಶಿ ಚಹಾ ಆಗುವುದಿಲ್ಲ, ಗೊಬ್ಬರವೂ ಆಗುವುದಿಲ್ಲ. ಧಣಿಯ ಕೋಪ ಮಾತ್ರ ಆಗುತ್ತದೆ.

ಮಾವ ಹುಟ್ಟಿದಾಗ ಅಳಲೇ ಇಲ್ಲವಂತೆ. ಮೊದಲು ಸೂಲಗಿತ್ತಿಯ ಕೈ ಮೂಸಿದನಂತೆ, ಅವಳು ಬೆಳಿಗ್ಗೆ ಈರುಳ್ಳಿ ಹೆಚ್ಚಿ ಬಂದಿದ್ದಾಳೆ ಎಂದು ಖಾತ್ರಿಯಾದ ಮೇಲೆ ಅತ್ತನಂತೆ. ಬೆಳೆದ ಮೇಲೆ ಬೀದಿಯ ಆ ತುದಿಯ ಮನೆಯಲ್ಲಿ ಹಾಲು ಉಕ್ಕುವ ಮೊದಲೇ ಈ ತುದಿಯಿಂದ "ಉರಿ ಸಣ್ಣ ಮಾಡ್ರೀ" ಎಂದು ಕೂಗುತ್ತಿದ್ದ. ಹಾಲು ಉಳಿದ ಉಪಕಾರಕ್ಕಿಂತ, ತಮ್ಮ ಒಲೆಯ ಮೇಲೆ ಏನಿದೆ ಎಂದು ಇವನಿಗೆ ಗೊತ್ತಾಯಿತಲ್ಲ ಎಂಬ ಸಂಕಟವೇ ಆ ಮನೆಯವರಿಗೆ ಹೆಚ್ಚು. ಚಹಾ ಕಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ಮೂಗಿಗೆ ತಕ್ಕ ಮರ್ಯಾದೆ ಸಿಕ್ಕಿತು. ಅವನಿಗೆ ನೆರಳಲ್ಲಿ ಒಂದು ಸ್ಟೂಲು, ಉಳಿದವರಿಗೆ ಬಿಸಿಲಲ್ಲಿ ಒಂದು ಸಲಿಕೆ. ವರ್ಷಗಟ್ಟಲೆ ಸ್ಟೂಲಿನ ಮೇಲೆ ಕೂತು ಕೂತು, ಸ್ಟೂಲು ಯಾವುದು ಮಾವ ಯಾವುದು ಎಂದು ಗೊತ್ತಾಗದಷ್ಟು ಅವೆರಡೂ ಬೆರೆತುಹೋದವು.

ಹೀಗಿರುವಾಗ ಒಂದು ನೆಗಡಿ ಬಂತು. ಸಾಮಾನ್ಯ ನೆಗಡಿಯಲ್ಲ, ಮಾವ ಸೀನಿದರೆ ಗೋಡೆಯ ಗಡಿಯಾರ ಮುಂದಕ್ಕೆ ಓಡುತ್ತಿತ್ತು. ಕೊನೆಗೆ ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮಾವ ರಾಶಿಯೊಳಗೆ ತಲೆ ಹುದುಗಿಸಿ ಎಳೆದ, ಉಸಿರು ಬಂತು. ಒಲೆಯ ಮೇಲೆ ಬಗ್ಗಿ ಎಳೆದ, ಹೊಗೆ ಬಂತು, ಕೆಮ್ಮು ಬಂತು. ವಾಸನೆ ಎಂಬುದು ಮಾತ್ರ ಬರಲಿಲ್ಲ.

ಈ ಸುದ್ದಿ ಹೊರಬಿದ್ದರೆ ಆಗುವುದೇನೆಂದು ಮಾವನಿಗೆ ಗೊತ್ತಿತ್ತು. ಸ್ಟೂಲು ಹೋಗುತ್ತದೆ, ಅವನನ್ನು ಜರಡಿಮನೆಗೆ ತಳ್ಳುತ್ತಾರೆ. ಒಣಗಿದ ಚಹಾ ಜರಡಿ ಹಿಡಿಯುವ ಆ ಮನೆಯಲ್ಲಿ ಯಾವಾಗಲೂ ಕೆಂಪು ಧೂಳು. ಧೂಳಾದರೂ ತಿನ್ನಬಹುದು, ಆದರೆ ಜರಡಿಮನೆಯ ಮೇಸ್ತ್ರಿ ಅವನ ಭಾವಮೈದ, ಹೆಂಡತಿಯ ಖಾಸಾ ತಮ್ಮ. ಆ ಭಾವಮೈದನ ಕಣ್ಣು ಸ್ಟೂಲಿನ ಮೇಲೆ ಬಿದ್ದು ಯಾವ ಕಾಲವಾಯಿತೋ. ಧೂಳು ತುಂಬಿದ ಅವನ ಮೂಗಿಗೆ ಸೀಮೆಎಣ್ಣೆಗೂ ಗುಲಾಬಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ತನಗೆ ಒಳ್ಳೆಯ ಮೂಗಿದೆ ಎಂದು ಸಾರುತ್ತಿದ್ದ, ಏಕೆಂದರೆ ಅದು ಉದ್ದವಿತ್ತು.

ಮಾವ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕಣದವರೆಲ್ಲ ಅತ್ತೆ ಎಂದು ಕರೆಯುತ್ತಿದ್ದ ಆಕೆಗೆ ಹೇಳಿದರೆ ತಮ್ಮನಿಗೆ ಗೊತ್ತಾಗುತ್ತದೆ ಎಂಬ ಭಯ. ಮೊದಲ ರಾಶಿಯ ದಿನ ಏನು ಮಾಡಬೇಕೆಂದು ತೋಚದೆ ಮನೆಗೆ ಹೋದ. ಮನೆ ಕಣದ ಗೋಡೆಯ ಆಚೆಗೇ. ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಹಸಿ ಸೊಪ್ಪು ಮೇದ ಮೇಕೆ ಹಾಗೆ ನಾತ! ಹೊರಗೇ ನಿಲ್ಲಿ."

ಮಾವ ಹೊರಗೆ ನಿಂತ. ನಿಂತವನಿಗೆ ತಲೆಯೊಳಗೆ ದೀಪ ಹತ್ತಿತು. ರಾಶಿ ಇನ್ನೂ ಹಸಿ! ಓಡಿಹೋಗಿ ಕಾದ. ಸ್ವಲ್ಪ ಹೊತ್ತು ಬಿಟ್ಟು ಶರಟಿಗೆ ಸೊಪ್ಪು ತಿಕ್ಕಿಕೊಂಡು ಮತ್ತೆ ಬಂದ.

"ಮತ್ತೆ ಯಾಕೆ ಬಂದ್ರಿ?"

"ಟವೆಲು ಮರೆತಿದ್ದೆ."

"ತಗೊಳ್ಳಿ. ಅಯ್ಯೋ, ಈಗೇನ್ರೀ ಜೇನುಗೂಡಿಗೆ ಬಿದ್ದು ಎದ್ದು ಬಂದ ಹಾಗಿದೀರ! ಇರುವೆ ಮುತ್ತಿಕೊಳ್ಳುತ್ತೆ, ಹೋಗಿ ಆಚೆ."

ಮಾವ ಟವೆಲನ್ನೂ ಬಿಟ್ಟು ಓಡಿದ. "ಹರವ್ರೋ!" ಎಂದು ಅವನು ಕೂಗಿದ ಕೂಗಿಗೆ ಗುಡ್ಡದ ಮೇಲಿನ ಪೊದೆಗಳು ತಾವೇ ಕತ್ತರಿಸಿಕೊಂಡವು. ಆ ರಾಶಿಯಂಥ ಬಣ್ಣ ಆ ಕೊಯ್ಲಿನಲ್ಲೇ ಬಂದಿರಲಿಲ್ಲ ಎಂದು ಧಣಿ ಬೆನ್ನು ತಟ್ಟಿದ. ಧಣಿಗೆ ರುಚಿ ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ತಾನು ಮಾತ್ರ ಹೊತ್ತು ಹೊತ್ತಿಗೆ ಕಪ್ಪು ಕಾಫಿ ಕುಡಿಯುತ್ತಿದ್ದ. ಊರಿಗೆಲ್ಲ ನಿದ್ದೆ ಮಾರುವವನು ಎಚ್ಚರವಾಗಿರಬೇಕಲ್ಲ.

ಅಲ್ಲಿಂದ ಮುಂದೆ ಮಾವನ ಮೂಗು ಅತ್ತೆಯ ಬಾಯಿಗೆ ವರ್ಗವಾಯಿತು. ಮೇಕೆ ಎಂದರೆ ಕಾಯಬೇಕು. ಜೇನು, ಇರುವೆ, ಬೆಲ್ಲ ಎಂದರೆ ಹರವಬೇಕು. ಒಂದು ಸಲ ಮಾತ್ರ "ಹುಳಿತ ಪಾತ್ರೆ ತೊಳೆದು ಬಂದ್ರಾ" ಎಂದಳು. ಅವತ್ತು ಮಾವ ತಪ್ಪನ್ನು ಮಳೆಯ ಮೇಲೆ ಹಾಕಿ ಪಾರಾದ. ಮಳೆಯೇ ಬಂದಿರಲಿಲ್ಲ, ಆದರೆ ಮಾವನಂಥ ಮೂಗಿನವನೇ ಮಳೆ ಬಂದಿತ್ತು ಎಂದ ಮೇಲೆ ಬಂದ ಹಾಗೆಯೇ.

ನೀರು ಕುಡಿಯೋಕೆ ಬಂದೆ, ಕರವಸ್ತ್ರಕ್ಕೆ ಬಂದೆ, ಬೀಗ ಹಾಕಿದೀಯೋ ನೋಡೋಕೆ ಬಂದೆ ಎಂದು ಮಾವ ದಿನಕ್ಕೆ ಎಷ್ಟು ಸಲ ಮನೆಗೆ ಬರುತ್ತಿದ್ದನೆಂದರೆ, ಕಣಕ್ಕೂ ಮನೆಗೂ ನಡುವೆ ಹುಲ್ಲು ಸತ್ತು ಕಾಲುದಾರಿ ಬಿದ್ದಿತು. ನೆಪಗಳೆಲ್ಲ ಖಾಲಿಯಾದ ಒಂದು ದಿನ, "ಸುಮ್ನೆ ನಿನ್ನ ನೋಡಿಕೊಂಡು ಹೋಗೋಣ ಅಂತ" ಎಂದುಬಿಟ್ಟ. ಬಾಯಿಗೆ ಬಂದದ್ದು ಹೇಳಿದ, ಅಷ್ಟೇ. ಆದರೆ ಪಕ್ಕದ ಮನೆಯಾಕೆ ಕಿಟಕಿಯಲ್ಲೇ ಇದ್ದಳು.

"ಪುಣ್ಯವಂತೆ ಕಣ್ರೀ ನೀವು," ಎಂದಳು ಆಕೆ ಅತ್ತೆಗೆ. "ಈ ವಯಸ್ಸಲ್ಲಿ ಗಂಡ ಹೀಗೆ ಸುತ್ತಿ ಸುತ್ತಿ ಬರೋದು ಅಂದ್ರೆ! ನಮ್ಮವರು ಹೋದ್ರೆ ಸಂಜೆ ಹಸಿವಾದಾಗಲೇ ನೆನಪು."

ಅತ್ತೆ "ಅಯ್ಯೋ, ಹೋಗ್ರೀ" ಎಂದಳು. ಆದರೆ ಆ ರಾತ್ರಿಯಿಂದ ಮಾತು ಒಳಗೇ ಕೆಲಸ ಮಾಡತೊಡಗಿತು. ಇಷ್ಟು ಪ್ರೀತಿಯಿಂದ ಬರುವ ಮನುಷ್ಯನನ್ನು ತಾನು ಮೇಕೆ, ಹುಳಿತ ಪಾತ್ರೆ ಎಂದು ಬೈಯುತ್ತಿದ್ದೇನಲ್ಲ! ಇನ್ನು ಬೈಯುವುದಿಲ್ಲ ಎಂದು ನಿಶ್ಚಯಿಸಿದಳು. ಹೆಂಗಸೊಬ್ಬಳು ಗಂಡನ ಮೇಲೆ ದಯೆ ತೋರಿಸಲು ಇದಕ್ಕಿಂತ ಕೆಟ್ಟ ದಿನ ಆರಿಸಿಕೊಳ್ಳಲು ಸಾಧ್ಯವಿರಲಿಲ್ಲ.

ಏಕೆಂದರೆ ಮರುದಿನವೇ ಕೊಯ್ಲಿನ ದೊಡ್ಡ ರಾಶಿ. ಅದರ ಆಚೆ ನಿಂತವನನ್ನು ಕರೆಯಲು ಈಚೆಯಿಂದ ಕಾಗದ ಬರೆಯಬೇಕು, ಅಷ್ಟು ಎತ್ತರ. ಧಣಿಯೇ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು ನಿಂತ.

"ಏನಯ್ಯಾ, ಇಡೀ ಗುಡ್ಡ ಇಲ್ಲಿದೆ. ಹುಳಿಯಾಯ್ತೋ, ನಾಳೆಯಿಂದ ನೀನು ಜರಡಿಮನೆ."

"ಜಾಗ ಮಾಡಿಟ್ಟಿದೀನಿ ಭಾವ," ಎಂದ ಭಾವಮೈದ ಹಲ್ಲು ಬಿಟ್ಟು. "ಮೂಲೇಲಿ, ಗಾಳಿ ಬರದ ಕಡೆ. ನಿಮಗೆ ನೆಗಡಿ ಬಂದಿತ್ತಲ್ವಾ."

ಮಾವ ಕಾಲರಿಗೆ, ಕಂಕುಳಿಗೆ, ತಲೆಗೂದಲಿಗೂ ಸೊಪ್ಪು ತಿಕ್ಕಿಕೊಂಡು ಮನೆಗೆ ಓಡಿದ.

"ಬಂದ್ರಾ? ಬನ್ನಿ, ಕೂತ್ಕೊಳ್ಳಿ," ಎಂದಳು ಅತ್ತೆ.

ಮಾವ ಕಲ್ಲಾದ. ಈ ದನಿಯನ್ನು ಅವನು ಮದುವೆಯ ಹೊಸದರಲ್ಲಿ ಕೇಳಿದ್ದು. ಆಗಲೂ ಅದು ಅತ್ತೆಯದೋ ಬೇರೆ ಯಾರದೋ ಎಂದು ಅನುಮಾನವಿತ್ತು.

"ಕೂರೋಕೆ ಪುರುಸೊತ್ತಿಲ್ಲ ಕಣೇ. ನಿಂಗೆ ಏನೂ ಅನ್ನಿಸ್ತಾ ಇಲ್ವಾ?"

"ಏನು ಅನ್ನಿಸ್ಬೇಕು?"

"ನಾತ ಗೀತ?"

"ಛೇ, ಬಿಡ್ತು ಅನ್ನಿ. ದುಡಿಯೋ ಗಂಡಸರ ಮೈ, ನಂಗೇನು ಬೇಜಾರಿಲ್ಲ."

"ಸ್ವಲ್ಪ ಹತ್ತಿರ ಬಂದು ನೋಡು."

"ಹಗಲು ಹೊತ್ತಲ್ಲಿ!" ಅತ್ತೆ ಕೆನ್ನೆ ಕೆಂಪು ಮಾಡಿಕೊಂಡು ಕಿಟಕಿಯ ಕಡೆ ನೋಡಿದಳು.

ಮಾವ ಕೆಸರು ಬೂಟಿನಲ್ಲಿ ಒರೆಸಿದ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆದ. ಅತ್ತೆ, ಪರವಾಗಿಲ್ಲ, ಮತ್ತೆ ಒರೆಸ್ತೀನಿ ಎಂದಳು. ನಿನ್ನೆಯ ಅಡುಗೆ ಬಾಯಿಗಿಡಲು ಆಗಲಿಲ್ಲ ಎಂದ. ಇವತ್ತು ನೋಡಿ ಹಾಕ್ತೀನಿ ಉಪ್ಪು ಎಂದಳು. ಕೊನೆಯ ಅಸ್ತ್ರವೆಂದು "ನಿನ್ನ ತಮ್ಮ ಒಂದು ಕತ್ತೆ" ಎಂದ.

"ಅದು ಅವನು ಹುಟ್ಟಿದಾಗಿಂದ ನಂಗೂ ಗೊತ್ತು."

ಗೋಡೆಯಾಚೆ ರಾಶಿ ತನ್ನ ಪಾಡಿಗೆ ಕಾಯುತ್ತಿತ್ತು. ಮಾವನ ಬೆವರು ರಾಶಿಯ ಬೆವರನ್ನು ಮೀರಿಸಿತು. ಇನ್ನು ದಾರಿಯಿಲ್ಲ.

"ಬೈಯೇ ಮಾರಾಯ್ತಿ! ನಂಗೆ ಮೂಗಿಲ್ಲ. ನೆಗಡಿ ಬಂದಾಗಲೇ ಹೋಯ್ತು. ನೀನು ಬೈಯೋದು ಕೇಳಿಕೊಂಡೇ ಇಷ್ಟು ದಿನ ರಾಶಿ ಹರವಿಸಿದ್ದು."

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಹಾಗಾದ್ರೆ ಟವೆಲು ಮರೆತೆ ಅಂತ ಬಂದಿದ್ದು?"

"ವಾಸನೆಗೆ."

"ನೀರು ಕುಡಿಯೋಕೆ ಬಂದಿದ್ದು?"

"ಅದೂ ವಾಸನೆಗೇ."

"ಸುಮ್ನೆ ನಿನ್ನ ನೋಡೋಣ ಅಂತ ಬಂದೆ ಅಂದ್ರಲ್ಲ, ಅದು?"

ಮಾವ ನೆಲ ನೋಡಿದ. "ಅವತ್ತು... ಎರಡು ರಾಶಿ ಇತ್ತು ಕಣೇ."

ಅತ್ತೆ ಬೈದಿದ್ದರೆ ಮಾವ ಬದುಕಿಕೊಳ್ಳುತ್ತಿದ್ದ. ಅವಳು ಒಲೆ ಆರಿಸಿದಳು, ಮನೆಯ ಚಪ್ಪಲಿಯಲ್ಲೇ ಹೊರಗೆ ಹೊರಟಳು. ಅವಳ ಹಿಂದೆ ಮಾವ, ಕಟುಕನ ಹಿಂದೆ ಕುರಿಯ ಹಾಗೆ.

ಕಣದಲ್ಲಿ ಭಾವಮೈದ ಆಗಲೇ ಧಣಿಯ ಕಿವಿ ಊದುತ್ತಿದ್ದ. "ನಾನು ಹೇಳ್ಲಿಲ್ವಾ ಧಣಿ? ಭಾವ ರಾಶಿ ಬಿಟ್ಟು ಮನೇಲಿ ಕೂತಿದಾರೆ. ಆ ಮೂಗಲ್ಲಿ ಏನೂ ಉಳಿದಿಲ್ಲ. ಅನುಮಾನ ಇದ್ರೆ ನಮ್ಮಕ್ಕನ್ನೇ ಕೇಳಿ, ಬರ್ತಾ ಇದಾಳೆ."

ಧಣಿ ತಿರುಗಿದ. "ಏನಮ್ಮಾ, ನಿನ್ನ ಗಂಡನ ಮೂಗು ನೆಟ್ಟಗಿದೆಯೋ?"

ಅತ್ತೆ ಸೀದಾ ರಾಶಿಯ ಹತ್ತಿರ ಹೋದಳು. ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದಳು. ಮೂಗಿನ ಹತ್ತಿರ ತಂದಳು. ಒಂದೇ ಮಾತಿನಲ್ಲಿ ಗಂಡನನ್ನು ಜರಡಿಮನೆಗೆ ಕಳಿಸಬಹುದಿತ್ತು. ಕಳಿಸುವ ಆಸೆ ಮುಖದ ಮೇಲೆ ಬಂದು, ನಿಂತು, ಕೊಂಚ ಯೋಚಿಸಿದ್ದನ್ನು ಮಾವ ಕಣ್ಣಾರೆ ಕಂಡ. ಆಮೇಲೆ ಅತ್ತೆ ತಮ್ಮನ ಕಡೆ ನೋಡಿದಳು.

"ಏನೋ, ಬಾಯಿ ಬಿಟ್ಟುಕೊಂಡು ನಿಂತಿದೀಯ? ನಿಮ್ಮ ಭಾವ ಆಗಲಿಂದ ನಮ್ಮನೇಲಿ ನಿಂತು ಹರವ್ರೋ, ಹರವ್ರೋ ಅಂತ ಕೂಗ್ತಾ ಇದಾರೆ, ನಿಮಗೆ ಕಿವಿ ಇಲ್ವಾ? ಗೋಡೆ ಆಚೆಯಿಂದ ಹದ ತಿಳಿಯೋ ಮೂಗು ಕೊಟ್ಟ ದೇವರು, ಎಲ್ಲಿ ನಿಂತು ಕೂಗಬೇಕು ಅನ್ನೋ ಬುದ್ಧಿ ಕೊಡಲಿಲ್ಲ ಇವರಿಗೆ. ಹರವ್ರೋ! ಇನ್ನೊಂದು ಚೂರು ಬಿಟ್ರೆ ಹುಳಿ!"

ಸಲಿಕೆಗಳು ಒಟ್ಟಿಗೆ ಎದ್ದವು. ರಾಶಿ ಬಿಸಿಲಿಗೆ ಬಿತ್ತು, ಕೆಂಪಗೆ, ತುಂಬಿದ ಮನೆಯ ಜಮಖಾನದ ಹಾಗೆ. ಧಣಿ ಲೋಟ ಕೆಳಗಿಟ್ಟು, "ಗೋಡೆ ಆಚೆಯಿಂದ!" ಎಂದು ಮೂಗಿನ ಮೇಲೆ ಬೆರಳಿಟ್ಟ. ಸಂಜೆಯ ಹೊತ್ತಿಗೆ ಊರಲ್ಲಿ ಆ ಗೋಡೆ ನದಿಯಾಗಿ, ಆಮೇಲೆ ಗುಡ್ಡವಾಗಿ, ಮಾವ ಮೂರು ಗುಡ್ಡದಾಚೆಯಿಂದ ಹದ ಹೇಳಿದ ಎಂಬಲ್ಲಿಗೆ ಬಂದು ನಿಂತಿತು. ಭಾವಮೈದ ಜರಡಿಮನೆಯ ಬಾಗಿಲು ಹಾಕಿಕೊಂಡ.

ಮನೆಯಲ್ಲಿ ಮಾತ್ರ ಯಾರೂ ಬೆನ್ನು ತಟ್ಟಲಿಲ್ಲ.

"ತಪ್ಪಾಯ್ತು ಕಣೇ," ಎಂದ ಮಾವ.

"ನಾತ ನಾನು ಹೇಳ್ತೀನಿ. ಹೊಟ್ಟೆಪಾಡು ನಿಮ್ಮದೊಬ್ಬರದೇ ಅಲ್ಲ," ಎಂದಳು ಅತ್ತೆ, ಅವನ ಕಡೆ ನೋಡದೆ. "ಆದ್ರೆ ರಾಶಿ ಇಲ್ಲದ ದಿನಾನೂ ಬರ್ಬೇಕು."

"ಯಾಕೆ?"

"ಯಾಕೆ ಅಂತ ಕೇಳೋದಾದ್ರೆ ಬರಲೇಬೇಡಿ."

ಕೊಯ್ಲು ಮುಗಿಯಿತು. ಕಣ ಬರಿದಾಯಿತು, ಯಂತ್ರಗಳಿಗೆ ಗ್ರೀಸು ಹಚ್ಚಿ ಚೀಲ ಹೊದಿಸಿದರು. ಒಂದು ಬೆಳಿಗ್ಗೆ ಮಾವ ಸ್ಟೂಲಿನಿಂದ ಎದ್ದು ಮನೆಗೆ ಬಂದ. ಮುಖ ತೊಳೆದಿದ್ದ. ಹೊಸಿಲಲ್ಲಿ ನಿಂತವನಿಗೆ ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

"ಏನು ಬೇಕಿತ್ತು?" ಎಂದಳು ಅತ್ತೆ, ಒಲೆಯ ಕಡೆಯಿಂದ.

"ಏನೂ ಬೇಡ."

ಅತ್ತೆ ಕುರ್ಚಿ ಎಳೆದು ಹಾಕಿದಳು. ಮಾವ ಕೂತ. ಅವನು ಛಾವಣಿ ನೋಡಿದ. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಪಕ್ಕದ ಮನೆಯಾಕೆ ಕಿಟಕಿಗೆ ಬಂದಳು, ನೋಡಿದಳು, ಇಲ್ಲಿ ಏನೂ ನಡೆಯುತ್ತಿಲ್ಲವೆಂದು ಬೇಜಾರಾಗಿ ಹೋದಳು.

"ಆಯ್ತಲ್ಲ, ಬಂದ್ರಿ," ಎಂದಳು ಅತ್ತೆ ಕೊನೆಗೆ. "ಇನ್ನು ಹೋಗಿ ಕೆಲಸ ನೋಡಿಕೊಳ್ಳಿ."

"ಇನ್ನು ಸ್ವಲ್ಪ ಹೊತ್ತು ಕೂತಿರ್ತೀನಿ," ಎಂದ ಮಾವ.

ಅತ್ತೆ ಬೇಡ ಎನ್ನಲಿಲ್ಲ. ಇನ್ನೊಂದು ಪಾತ್ರೆ ಎತ್ತಿಕೊಂಡಳು.