ದ್ವೀಪದ ಹುಡುಗಿ ಹೇಳಿದ ಮಾತು

ಕನ್ನಡ ಚಿತ್ರರಂಗ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷಗಳಾದ ಮೇಲೂ ಚೆನ್ನೈನ ಕೋಡಂಬಾಕ್ಕಂ ಬಿಡದೆ ಕೂತ ಕೆಲವರಿದ್ದರು. ನನ್ನ ಅಪ್ಪ ಅವರಲ್ಲೊಬ್ಬರು. ತಮಿಳು, ತೆಲುಗು ಚಿತ್ರಗಳಿಗೆ ಸಹಾಯಕ ನಿರ್ದೇಶಕರಾಗಿ ದುಡಿಯುತ್ತ, ಕನ್ನಡದಲ್ಲಿ ತಮ್ಮದೇ ಒಂದು ಚಿತ್ರ ಮಾಡುತ್ತೇನೆಂದು ನಾನು ಹುಟ್ಟುವ ಮೊದಲಿನಿಂದಲೂ ಹೇಳುತ್ತಿದ್ದರಂತೆ. ಅಮ್ಮನಿಗೆ ಗಿಂಡಿಯ ಕಡೆ ವಿಮಾ ಕಚೇರಿಯಲ್ಲಿ ಕೆಲಸ. "ಆಗ್ಲಿ, ಮಾಡಿ" ಎಂದು ಹೇಳಿ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡುವುದು ಅವಳ ಅಭ್ಯಾಸವಾಗಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಆ ಚಿತ್ರ ನಿಜಕ್ಕೂ ಶುರುವಾಯಿತು. ಟಿ. ನಗರದಲ್ಲಿ ಸೀರೆ ಅಂಗಡಿ ಇಟ್ಟಿದ್ದ ಒಬ್ಬರು ನಿರ್ಮಾಪಕರಾದರು. ಕಥೆ ಅಪ್ಪ ಹೈಸ್ಕೂಲಿನಲ್ಲಿ ಓದಿದ್ದ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯದು: ಹಡಗು ಒಡೆದು ಒಂದು ಕುಟುಂಬ ನಿರ್ಜನ ದ್ವೀಪ ಸೇರುತ್ತದೆ. ಆಧಾರ ಅಂದರೆ ಅಷ್ಟೇ ಆಧಾರ. ಅಪ್ಪನ ಕೈಯಲ್ಲಿ ಅದು ಮೈಸೂರಿನ ಒಬ್ಬ ಬ್ಯಾಂಕ್ ಗುಮಾಸ್ತನ ಸಂಸಾರವಾಯಿತು. ಅದರಲ್ಲಿ ದ್ವೀಪದಲ್ಲೂ ಮಡಿ ಬಿಡದ ಅಜ್ಜಿ, ನೀರು ಕಂಡರೆ ಕೊಡೆ ಬಿಚ್ಚುವ ಸೋದರಮಾವ, ಉಪ್ಪಿನಕಾಯಿ ಜಾಡಿ ಮತ್ತು ಒಂದು ಮೇಕೆ ಇದ್ದವು. ಗುಮಾಸ್ತನ ಮಗಳ ಪಾತ್ರ ನನಗೆ ಬಂತು. ಬೇರೆ ಮಕ್ಕಳಿಗೆ ಬಟ್ಟೆ ಹೊಲಿಸಬೇಕಿತ್ತು, ನನ್ನ ಹತ್ತಿರ ಹಳೆಯ ಫ್ರಾಕುಗಳಿದ್ದವು.

ಚೆನ್ನೈ ಹೊರಗೆ, ಕೋವಳಂ ಕಡಲತೀರದ ಒಂದು ಸರ್ವೆ ತೋಪಿನಲ್ಲಿ ಶೂಟಿಂಗ್ ನಡೆಯಿತು. ಅಜ್ಜಿಯ ಪಾತ್ರದವರಿಗೆ ತೆಲುಗು ಮಾತ್ರ ಬರುತ್ತಿತ್ತು, ಸೋದರಮಾವನಿಗೆ ತಮಿಳು. ನಮ್ಮಂಥ ಮಕ್ಕಳು ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಡುವವರು. ಅದಕ್ಕೆ ಸಿನಿಮಾದವರ ಹಳೆಯ ಉಪಾಯವೊಂದಿತ್ತು. ಮಾತು ಬಾರದವರು ಮಾತಿನ ಬದಲು ಅಂಕಿ ಎಣಿಸಬೇಕು. ತುಟಿ ಆಡಿದರೆ ಸಾಕು, ನಿಜವಾದ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರಿಂದ ಆಡಿಸಿ ಕೂರಿಸುತ್ತಾರೆ. ಅಪ್ಪ ಇದನ್ನು ಎಲ್ಲರ ಮೇಲೂ ಹೇರಿದರು. ಮಾತುಗಳನ್ನು ಡಬ್ಬಿಂಗ್ ಹೊತ್ತಿಗೆ ಸಾವಕಾಶವಾಗಿ ಬರೆಯುತ್ತೇನೆ ಎಂಬ ಧೈರ್ಯ ಅವರಿಗಿತ್ತು. ಅಜ್ಜಿ ಸೊಸೆಯನ್ನು ಬೈದದ್ದು ಅಂಕಿಗಳಲ್ಲೇ, ಮಾವ ಮೇಕೆಯ ಹತ್ತಿರ ಗೋಳಾಡಿದ್ದೂ ಅಂಕಿಗಳಲ್ಲೇ. ಗಾಳಿಯ ಗದ್ದಲವೆಂದು ಸ್ಥಳದಲ್ಲಿ ಧ್ವನಿಯನ್ನೂ ಹಿಡಿಯಲಿಲ್ಲ.

ಕೊನೆಯ ದೃಶ್ಯ ನನ್ನದು. ಕಾಪಾಡಲು ದೋಣಿ ಬರುತ್ತದೆ. ಎಲ್ಲರೂ ಹತ್ತಲು ಓಡುತ್ತಾರೆ. ಹುಡುಗಿ ಮಾತ್ರ ನಿಂತಲ್ಲೇ ನಿಂತು ಏನೋ ಒಂದು ಹೇಳುತ್ತಾಳೆ. ಅದನ್ನು ಕೇಳಿ ಅವಳ ಅಪ್ಪ, ಅಮ್ಮ, ಅಜ್ಜಿ, ಮಾವ ಒಬ್ಬೊಬ್ಬರಾಗಿ ವಾಪಸ್ಸು ಬಂದು ಮರಳಿನ ಮೇಲೆ ಕೂರುತ್ತಾರೆ, ದೋಣಿ ಖಾಲಿ ಹೋಗುತ್ತದೆ.

"ಒಂದರಿಂದ ಒಂಬತ್ತು ಎಣಿಸು ಕಣಮ್ಮ. ಆರಾದ ಮೇಲೆ ಚೂರು ನಿಲ್ಲಿಸಿ ಸಮುದ್ರ ನೋಡು" ಎಂದಿದ್ದರು ಅಪ್ಪ.

ನಾನು ಹಾಗೇ ಮಾಡಿದೆ. ಅಪ್ಪ ಕಣ್ಣೊರೆಸಿಕೊಂಡರು.

ಆಮೇಲೆ ಚಿತ್ರ ಅಲ್ಲಿಗೇ ನಿಂತಿತು. ಮಾತು ಬರೆದು ತಂದರೆ ಡಬ್ಬಿಂಗ್ ದಿನ ಗೊತ್ತು ಮಾಡುತ್ತೇನೆ ಎಂದು ನಿರ್ಮಾಪಕರು, ದಿನ ಗೊತ್ತಾದರೆ ಬರೆಯುತ್ತೇನೆ ಎಂದು ಅಪ್ಪ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ ನಿರ್ಮಾಪಕರೇ ಬೇಸತ್ತು ಸೀರೆ ಅಂಗಡಿಗೆ ಮರಳಿದರು. ಕೆಲವು ವರ್ಷಗಳಲ್ಲಿ ಲ್ಯಾಬಿನಲ್ಲಿದ್ದ ರೀಲುಗಳು ಕೆಟ್ಟುಹೋದವು. ನಮಗೆ ಉಳಿದದ್ದು ಎಡಿಟಿಂಗ್ ರೂಮಿನಿಂದ ಬಂದ ಒಂದು ವಿಡಿಯೋ ಕ್ಯಾಸೆಟ್, ಅದೂ ಮೂಕ.

ಆ ಕ್ಯಾಸೆಟ್ಟಿಗೆ ಅಪ್ಪನೇ ಬಾಯಿಯಾದರು. ಮನೆಗೆ ಯಾರಾದರೂ ಕನ್ನಡದವರು ಬಂದರೆ ಟಿವಿ ಪಕ್ಕ ಬೆತ್ತದ ಮೋಡಾ ಎಳೆದುಕೊಂಡು ಕೂತು ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಿದ್ದರು, ಮೇಕೆಯದನ್ನೂ ಸೇರಿಸಿ. ಮಾತು ಪ್ರತಿ ಸಲವೂ ಬೇರೆ. ಚೆನ್ನೈನಲ್ಲಿ ನೀರಿಗೆ ಹಾಹಾಕಾರವೆದ್ದ ವರ್ಷ ಅಜ್ಜಿ, "ಈ ದ್ವೀಪಕ್ಕೆ ತಣ್ಣಿ ಲಾರಿ ಎಷ್ಟೊತ್ತಿಗೆ ಬರತ್ತೋ ಕೇಳೋ" ಎಂದಳು. ಕೊಡಗಳನ್ನು ಸಾಲಿಟ್ಟು ಬಂದಿದ್ದ ಅಮ್ಮ ನಕ್ಕು ನಕ್ಕು ಗೋಡೆಗೆ ಒರಗಿದಳು. ಅಪ್ಪ ಅಷ್ಟು ಚೆಂದ ಮಾತಾಡುತ್ತಿದ್ದುದು ಆ ಮೋಡಾದ ಮೇಲೆ ಮಾತ್ರ.

ಆದರೆ ಕೊನೆಯ ದೃಶ್ಯ ಬಂದಾಗ ಸುಮ್ಮನಾಗುತ್ತಿದ್ದರು. ಪರದೆಯ ಮೇಲೆ ನನ್ನ ತುಟಿ ಆಡುತ್ತಿತ್ತು, ಕೋಣೆಯಲ್ಲಿ ಫ್ಯಾನಿನ ಸದ್ದು.

"ಅವ ಎನ್ನ ಸೊಲ್ರಾ? ಸೊಲ್ಲುಪ್ಪಾ" ಎಂದು ನಾನು ತಮಿಳಿನಲ್ಲಿ ಪೀಡಿಸುತ್ತಿದ್ದೆ. ಅವಳು ಹೇಳುವುದೇನು ಎಂದು.

"ಅದು ಗೊತ್ತಮ್ಮ ನಂಗೆ. ಕಡೇಲಿ ಹೇಳ್ತೀನಿ, ಮೈಕ್ ಮುಂದೆ."

ನಾನು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಈ ಹಟವನ್ನು ಮುಗಿಸಿಯೇ ಬಿಡಬೇಕು ಎಂದುಕೊಂಡೆ. ಚಿತ್ರವನ್ನು ಯಾರೂ ನೋಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಕೆಯೊಂದೇ ನೆಟ್ಟಗೆ ನಟಿಸಿದ್ದ ಚಿತ್ರ ಅದು. ನನಗೆ ಬೇಕಿದ್ದದ್ದು ಆ ಹುಡುಗಿಯ ಮಾತು. ಎಂಥ ಮಾತು ಹೇಳಿದರೆ ಒಂದು ಸಂಸಾರ ಬಂದ ದೋಣಿಯನ್ನು ಬಿಟ್ಟು ಕೂರುತ್ತದೋ ಅಂಥದ್ದನ್ನು ಅಪ್ಪ ನನ್ನ ಬಾಯಲ್ಲಿ ಇಟ್ಟಿದ್ದರು. ಕೋಡಂಬಾಕ್ಕಂ ಹತ್ತಿರದ ಸಾಲಿಗ್ರಾಮಂನಲ್ಲಿ ಒಂದು ಚಿಕ್ಕ ರೆಕಾರ್ಡಿಂಗ್ ಕೋಣೆ ಗೊತ್ತು ಮಾಡಿದೆ. ಎಲ್ಲರ ಧ್ವನಿ ಅಪ್ಪನದು, ಹುಡುಗಿಯ ಧ್ವನಿ ನನ್ನದು ಎಂದು ಒಪ್ಪಂದವಾಯಿತು. ಅಪ್ಪ ಶರ್ಟು ಇಸ್ತ್ರಿಗೆ ಕೊಟ್ಟರು, ಗಂಟಲಿಗೆಂದು ಮಜ್ಜಿಗೆ ಬಿಟ್ಟರು.

ಆ ವಾರವೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಬಾಯಿಯೇ ಹೋಯಿತು. ಬಲಗೈ ಸ್ವಲ್ಪ ಚೇತರಿಸಿಕೊಂಡಿತು, ಕಾಲೂ ನಡೆಯುವಷ್ಟಾಯಿತು, ಮಾತು ಬರಲಿಲ್ಲ. ಬರೆಯಲು ಪೆನ್ನು ಕೊಟ್ಟರೆ ಗೆರೆ ಎಳೆಯುತ್ತಿದ್ದರು. ನೀರು ಬೇಕೆಂದರೂ ಮುಖ ಕೆಂಪಾಗುವಷ್ಟು ತಿಣುಕಿ, ಕೊನೆಗೆ ಕಣ್ಣು ಮುಚ್ಚಿಬಿಡುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಹೆಂಗಸು, ಅವರಿಗೆ ತುಂಬ ರೂಢಿಯಾದದ್ದೇನಾದರೂ ಇದ್ದರೆ ಅದರಿಂದ ಪ್ರಯತ್ನಿಸಿ, ಯಾವುದಾದರೂ ಒಂದು ಮಾತು ಹೊರಗೆ ಬಂದೀತು ಎಂದು ಹೇಳಿದಳು.

ಅಪ್ಪನಿಗೆ ರೂಢಿಯಾದದ್ದು ಒಂದೇ. ಒಂದು ಭಾನುವಾರ ಬೆಳಿಗ್ಗೆ ಮೋಡಾ ಇಟ್ಟು ಕೂರಿಸಿ ಕ್ಯಾಸೆಟ್ ಹಾಕಿದೆ. ಅಜ್ಜಿ ಬೈದಳು, ಮಾವ ಅತ್ತ, ಮೇಕೆ ಜಾಡಿಗೆ ಬಾಯಿ ಹಾಕಿತು. ಅಪ್ಪನ ತುಟಿ ನಡುಗಿತೇ ಹೊರತು ಏನೂ ಬರಲಿಲ್ಲ. ನಾನು ಆಸೆ ಬಿಟ್ಟೆ. ಆಗ ದೋಣಿ ಬಂತು. ಹಳೆಯ ಫ್ರಾಕಿನ ಹುಡುಗಿ ಇತ್ತ ತಿರುಗಿದಳು.

"ಇವಳು ಏನು ಹೇಳ್ತಾಳೆ ಅಪ್ಪಾ? ಈಗ ಹೇಳಿ" ಎಂದೆ, ಕನ್ನಡದಲ್ಲಿ.

ಅಪ್ಪ ಬಾಯಿ ತೆರೆದರು. ಸ್ಪಷ್ಟವಾಗಿ, ತೊದಲದೆ ಹೇಳಿದರು: "ಒಂದು, ಎರಡು, ಮೂರು, ನಾಕು, ಐದು, ಆರು." ಚೂರು ನಿಲ್ಲಿಸಿದರು. ಪರದೆಯ ಹುಡುಗಿ ಸಮುದ್ರ ನೋಡಿದಳು. "ಏಳು, ಎಂಟು, ಒಂಬತ್ತು."

ತುಟಿಗೂ ಧ್ವನಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಅಪ್ಪ ನನ್ನತ್ತ ತಿರುಗಿ ನಕ್ಕರು. ಕೊನೆಗೂ ಹೇಳಿಬಿಟ್ಟೆ ಎಂಬ ಗೆಲುವು ಆ ಮುಖದಲ್ಲಿತ್ತು, ಅದನ್ನು ನೋಡಲು ನನ್ನಿಂದಾಗಲಿಲ್ಲ.

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. "ಮಾತು ಬಂತಾ? ಏನಂದ್ರು?"

ಟಿವಿಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಮಾವ ಒಬ್ಬೊಬ್ಬರಾಗಿ ಬಂದು ಮರಳಿನ ಮೇಲೆ ಕೂರುತ್ತಿದ್ದರು. ನಾನು ಅಮ್ಮನಿಗೂ ಜಾಗ ಮಾಡಿಕೊಟ್ಟೆ.