ಐದು ಬೆಳ್ಳಿ ಒಳಲೆ

ಬಹರೈನಿನ ಮನಾಮದಲ್ಲಿರುವ ನನ್ನ ಬೆಳ್ಳಿ ಅಂಗಡಿಗೆ ಒಬ್ಬ ಯಹೂದಿ ತರುಣ ಬಂದ. ಅವನ ಚೊಚ್ಚಲ ಮಗ ಹುಟ್ಟಿ ಅಂದಿಗೆ ಮೂವತ್ತೊಂದನೆಯ ದಿನ. ಅವರಲ್ಲಿ ಚೊಚ್ಚಲ ಗಂಡು ದೇವರ ಪಾಲಂತೆ; ಪುರೋಹಿತರಿಗೆ ಐದು ಬೆಳ್ಳಿ ನಾಣ್ಯ ಕೊಟ್ಟು ಮಗನನ್ನು ಬಿಡಿಸಿಕೊಳ್ಳಬೇಕಂತೆ, ಅದೂ ಸಂಜೆಯೊಳಗೆ. ಐದು ನಾಣ್ಯ ತೆಗೆದಿಟ್ಟೆ. ಅವನ ಮುಖ ಸಣ್ಣದಾಯಿತು.

"ಶೇಠ್, ಇದರ ಮೇಲೆ ದೇವಿ ಇದ್ದಾಳಲ್ಲ!"

ನನ್ನಲ್ಲಿದ್ದವೆಲ್ಲ ಲಕ್ಷ್ಮೀ ನಾಣ್ಯಗಳೇ.

"ಉಜ್ಜಿ ಅಳಿಸಿಕೊಡಿ."

"ಲಕ್ಷ್ಮಿಯನ್ನೇ ಉಜ್ಜಿ ಅಂಗಡಿ ನಡೆಸಲಿಕ್ಕುಂಟಾ ಮಾರಾಯ? ನಾಣ್ಯವೇ ಆಗಬೇಕಾ, ಅಷ್ಟು ತೂಕದ ಬೆಳ್ಳಿ ಸಾಕಾ? ನಿಮ್ಮ ಪುರೋಹಿತರಿಗೇ ಫೋನ್ ಮಾಡಿ ಕೇಳು."

ಕೇಳಿದ. ತೂಕ ಸರಿಯಿದ್ದರೆ ಪಾತ್ರೆಯೂ ಆದೀತಂತೆ. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವ ಜನ ನಾನಲ್ಲ. ಕಪಾಟೆಲ್ಲ ಜಾಲಾಡಿ, ಮಕ್ಕಳಿಗೆ ಹಾಲು ಕುಡಿಸುವ ಐದು ಒಳಲೆ ತೆಗೆದೆ. ಒಂದರ ಮೇಲೂ ಚಿತ್ರವಿರಲಿಲ್ಲ. ತೂಗಿ ಕೊಟ್ಟೆ, ತಕ್ಕೊಂಡು ಓಡಿದ.

ಮರುವಾರ ಆ ಪುರೋಹಿತರೇ ಬಂದು ಐದೂ ಒಳಲೆಗಳನ್ನು ಗಾಜಿನ ಮೇಲೆ ಸಾಲಾಗಿಟ್ಟರು. ಬಿಳಿಗಡ್ಡದ ಮುದುಕರು.

"ಮಗು ಬಿಡುಗಡೆಯಾಯ್ತು ಶೇಠ್. ಈ ವಯಸ್ಸಿನಲ್ಲಿ ನನಗೆ ಇದರಲ್ಲಿ ಹಾಲು ಕುಡಿಸುವವರು ಯಾರು? ಇವುಗಳ ಬದಲಿಗೆ ಒಂದು ಸಕ್ಕರೆ ಡಬ್ಬಿ ಕೊಡಿ."

ಲಕ್ಷ್ಮಿಯಿಲ್ಲದ ಡಬ್ಬಿಯನ್ನೇ ಹುಡುಕಿಕೊಟ್ಟೆ. ಮಗನನ್ನು ಆ ತರುಣ ಬಿಡಿಸಿಕೊಂಡ, ಒಳಲೆಗಳನ್ನು ನಾನು. ಇನ್ನೊಂದು ಚೊಚ್ಚಲಿಗೆ ಆದೀತೆಂದು ಬೇರೆಯೇ ಎತ್ತಿಟ್ಟಿದ್ದೇನೆ.