ಹಂದಿಯಿಲ್ಲದ ಹದಿನಾಲ್ಕು ದಿನ

"ಹಿಡಿದಿಟ್ಕೊಳ್ಳೋದ್ರಲ್ಲಿ ನನ್ನನ್ನ ಮೀರಿಸೋಳು ಈ ಜೇಜು ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ" ಎಂದು ಕೊರಿಯಾದ ಆ ಮುಳುಗುಗಾತಿ ಬು ಮಾಲ್ಸುನ್ ಹೇಳಿದರೆ ಯಾರೂ ಎದುರಾಡುತ್ತಿರಲಿಲ್ಲ. ಚಿಪ್ಪು ಕೀಳಲು ಅವಳು ಉಸಿರು ಹಿಡಿದು ಸಮುದ್ರದಲ್ಲಿ ಮುಳುಗಿದಳೆಂದರೆ, ದಡದಲ್ಲಿದ್ದವರು ನವಣೆ ಗಂಜಿ ಬೇಯಿಸಿ, ಉಂಡು, ಪಾತ್ರೆ ತೊಳೆದು, ಒಂದು ನಿದ್ದೆಯನ್ನೂ ತೆಗೆಯಬಹುದಿತ್ತು. ಅವಳು ಮೇಲೆ ಹೋಗಲೆಂದು ಕಾದು ಕಾದು ಆಕ್ಟೋಪಸ್‌ಗಳೇ ಮುದಿಯಾಗುತ್ತಿದ್ದವಂತೆ. ದೋಣಿಯಲ್ಲಿ ಹೋದ ಗಂಡ ತಿರುಗಿ ಬಾರದಿದ್ದಾಗ ಕಣ್ಣೀರನ್ನೂ ಹೀಗೇ ಹಿಡಿದಿಟ್ಟವಳು.

ಹೊಟ್ಟೆಗೂ ಅದೇ ಶಿಸ್ತು. ನೀರಿಗಿಳಿಯುವ ದಿನ ಹನಿ ನೀರಿಲ್ಲ, ತುತ್ತು ಅನ್ನವಿಲ್ಲ. ಮೈಗಂಟುವ ರಬ್ಬರ್ ಉಡುಪು ಬಂದ ಮೇಲಂತೂ ನಡುವೆ ಅದನ್ನು ಕಳಚುವವರಾರು? ಹೀಗಾಗಿ ಬಹಿರ್ದೆಸೆಯೆಂಬುದು ನಾಲ್ಕೈದು ದಿನಕ್ಕೊಮ್ಮೆ ಬರುವ ನೆಂಟನಾಗಿತ್ತು. ಬಂದ ದಿನ ಅವಳು ಹಿತ್ತಲಿನ ಕಲ್ಲುಕಕ್ಕಸಿನ ಮೇಲೆ ಕೂತು, ಕೆಳಗೆ ಆಸೆಯಿಂದ ಕಾದಿರುತ್ತಿದ್ದ ಕರಿಹಂದಿಗೆ ಊರ ಸುದ್ದಿಯನ್ನೆಲ್ಲ ಹೇಳುವಳು. ಹಂದಿ ಗುರ್ ಎನ್ನುವುದು. ಆ ಮನೆಯಲ್ಲಿ ಅವಳ ಮಾತಿಗೆ ಉತ್ತರ ಬರುತ್ತಿದ್ದದ್ದು ಅದೊಂದರಿಂದಲೇ.

ಆ ವಸಂತದಲ್ಲಿ ಊರು ಶುದ್ಧವಾಗಬೇಕೆಂದು ಪಟ್ಟಣದ ಸರ್ಕಾರಿ ಕಚೇರಿಯಿಂದ ಅಪ್ಪಣೆಯಾಯಿತು. ಹಂದಿ ಲಾರಿ ಹತ್ತಿತು. ಅದರ ಜಾಗಕ್ಕೆ ಸಿಮೆಂಟಿನ ಕೋಣೆ, ಬಾಗಿಲು, ಚಿಲಕ ಬಂದವು. ಮಾಲ್ಸುನ್ ಒಳಗೆ ಕೂತಳು. ಯಾರೂ ಗುರ್ ಎನ್ನಲಿಲ್ಲ. ಏನೂ ಆಗದೆ ಎದ್ದು ಬಂದಳು.

ಒಂಬತ್ತು ದಿನಕ್ಕೆ ಹೊಟ್ಟೆ ಬಿಗಿದ ಡೊಳ್ಳಾಯಿತು. ಮುಳುಗುವ ಹೆಂಗಸರೆಲ್ಲ ತಲೆನೋವಿಗೆ ನುಂಗುವ ಬಿಳಿ ಪುಡಿಯ ಪೊಟ್ಟಣವನ್ನು ಅವಳು ಹೊಟ್ಟೆನೋವಿಗೂ ನುಂಗಿದಳು, ಮೊದಲು ದಿನಕ್ಕೊಂದು, ಆಮೇಲೆ ಮೂರು. ನೋವು ಮಲಗಿತು, ರೋಗ ಮಲಗಲಿಲ್ಲ. ಹದಿಮೂರನೆಯ ದಿನ ಮೂತ್ರವೂ ಹನಿಹನಿಯಾಯಿತು. ಜೊತೆಗೆ ಮುಳುಗುವ ಪಕ್ಕದ ಮನೆಯ ಜೊಂಗ್ಹಿಗೆ ಹೇಳೋಣವೆಂದು ಬೇಲಿಗೋಡೆಯ ತನಕ ಹೋದವಳು, ಇದನ್ನು ಹೇಗೆ ಹೇಳುವುದೆಂದು ತೋಚದೆ, ಇವತ್ತು ಗಾಳಿ ಜಾಸ್ತಿ ಎಂದಷ್ಟೇ ಹೇಳಿ ಬಂದಳು.

ಮರುದಿನವೂ ನೀರಿಗಿಳಿದಳು. ಮೇಲೆದ್ದಾಗ ಬಿಡುವ ಉಸಿರಿನ ಸಿಳ್ಳು ಒಬ್ಬೊಬ್ಬರದು ಒಂದೊಂದು ಥರ. ಕತ್ತು ತಿರುಗಿಸದೆಯೇ ಯಾರದೆಂದು ತಿಳಿಯುತ್ತದೆ. ಮಾಲ್ಸುನಳದು ಆಚೆ ದಡದ ಜಪಾನಿನ ಕೋಳಿಗಳನ್ನು ಎಬ್ಬಿಸುವಂಥದು. ಅಂದು ಜೊಂಗ್ಹಿಗೆ ಕೇಳಿಸಿದ್ದು ನಾಯಿಮರಿಯ ಕುಂಯ್. ಎರಡನೆಯ ಸಲ ಅದೂ ಅರ್ಧ. ಜೊಂಗ್ಹಿ ತನ್ನ ಬಲೆಚೀಲ ಬಿಟ್ಟು ಈಜಿ ಬಂದು ತೋಳು ಹಿಡಿದಳು.

"ಅಕ್ಕಾ, ನಿನ್ನ ಉಸಿರು ಎಲ್ಲೋ ಸಿಕ್ಕಾಕ್ಕೊಂಡಿದೆ."

"ಉಸಿರಲ್ಲ ಕಣೇ" ಎಂದಳು ಮಾಲ್ಸುನ್. ಅಷ್ಟು ಹೇಳಿ ವಾಂತಿ ಮಾಡಿಕೊಂಡಳು.

ಪಟ್ಟಣದ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ವರ್ಷಗಟ್ಟಲೆ ಮಲ ಕಟ್ಟಿ ಕಟ್ಟಿ ಹಿಗ್ಗಿದ್ದ ಕರುಳು ಹಗ್ಗದಂತೆ ಹೊಸೆದುಕೊಂಡು ಕಪ್ಪಾಗಿತ್ತು. ಒಂದು ಮೊಳ ಕತ್ತರಿಸಿ ತೆಗೆದರು. ಮಲಬದ್ಧತೆ ಇಲ್ಲಿಯವರೆಗೆ ಬರುವುದು ಅಪರೂಪವಂತೆ. ಬಂದ ಮೇಲೆ ಬದುಕುವುದು ಇನ್ನೂ ಅಪರೂಪವಂತೆ. ಅರ್ಧ ದಿನ ತಡವಾಗಿದ್ದರೆ ಕರುಳು ಒಡೆಯುತ್ತಿತ್ತಂತೆ.

ಎಚ್ಚರವಾದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಜೊಂಗ್ಹಿ ಎರಡು ದಿನ ಕೂತಿದ್ದು ಆಗಷ್ಟೇ ಊರಿಗೆ ಹೋಗಿದ್ದಳು. ಗಂಡನ ಕಾಲದಿಂದ ಹಿಡಿದಿಟ್ಟ ಕಣ್ಣೀರು ಅವಳನ್ನು ಕೇಳದೆಯೇ ಹೊರಟಿತು. ಅಷ್ಟರಲ್ಲಿ ಡಾಕ್ಟರು ಬಂದು ಗದರಿದರು.

"ಹದಿನಾಲ್ಕು ದಿನ ಸುಮ್ನಿದ್ರಲ್ಲ ಅಜ್ಜಿ. ಯಾರಿಗಾದ್ರೂ ಹೇಳಬಾರದಿತ್ತಾ?"

ಮಾಲ್ಸುನ್ ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ಹೇಳ್ತಿದ್ದೆ ಕಣಪ್ಪಾ. ಕೇಳಿಸ್ಕೊಳ್ಳೋದನ್ನ ನೀವು ಲಾರಿ ಹತ್ತಿಸಿಬಿಟ್ರಲ್ಲ."